ಗುರುತಿನಿಂದ ನೆರಳಿಗೆ: ಸಂಪಗಾಂವ ಸೀಮೆಯಲ್ಲಿ ನಿತ್ಯವಸ್ತುಗಳ ಚಿತ್ರಣ

ಮಲಪ್ರಭಾ ನದಿಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳ ನಾಡು ತನ್ನ ಶಾಸನಗಳಿಗೆ, ಕಲ್ಲಿನ ಗುಡಿಗಳಿಗೆ, 1824ರ ಕಿತ್ತೂರು ಹೋರಾಟಕ್ಕೆ ಮತ್ತು ಯಲ್ಲಮ್ಮನ ಗುಡ್ಡದ ಜಾತ್ರೆಗೆ ಹೆಸರಾಗಿದೆಯೇ ಹೊರತು ಚಿತ್ರಕಲೆಯ ಚರಿತ್ರೆಯಲ್ಲಿ ಅದರ ಹೆಸರು ವಿರಳವಾಗಿ ಕಾಣಿಸಿಕೊಳ್ಳುತ್ತದೆ. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲವು ಸಂಪಗಾಂವ ತಾಲ್ಲೂಕಿನಲ್ಲಿತ್ತು, ಸವದತ್ತಿಯು ಪರಸಗಡ ತಾಲ್ಲೂಕಿಗೆ ಸೇರಿತ್ತು, ರಾಮದುರ್ಗವು ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಆದರೆ ಆಡಳಿತದ ಈ ಗಡಿಗಳಾಚೆಗೂ ಇಲ್ಲಿನ ಅಡುಗೆಮನೆಯ ಪಾತ್ರೆ, ಹೊಲದ ಸಲಕರಣೆ ಮತ್ತು ಜಾತ್ರೆಯ ಸಾಮಗ್ರಿಗಳು ಬಹುಪಾಲು ಒಂದೇ ಆಗಿದ್ದವು. ತಂಬಿಗೆ, ಹರವಿ, ಬುಟ್ಟಿ, ಕಂದೀಲು, ಹಣ್ಣು, ಕಾಯಿಪಲ್ಲೆಗಳಂಥ ದಿನಬಳಕೆಯ ವಸ್ತುಗಳನ್ನು ಎದುರಿಗೆ ಜೋಡಿಸಿಟ್ಟು, ಅವು ಕಣ್ಣಿಗೆ ಕಾಣುವಂತೆಯೇ ಬೆಳಕು ನೆರಳುಗಳೊಡನೆ ಚಿತ್ರಿಸುವ ಪದ್ಧತಿಯನ್ನು ಸ್ಥಿರಚಿತ್ರ ಎನ್ನುತ್ತಾರೆ. ಶಾಲೆಯ ಪರಿಭಾಷೆಯಲ್ಲಿ ಅದಕ್ಕೆ ವಸ್ತುಚಿತ್ರಣ ಎಂಬ ಹೆಸರಿದೆ. ಈ ಪದ್ಧತಿಯು ಈ ನಾಡಿಗೆ, ಅಂದರೆ ಇಲ್ಲಿ ಸಂಪಗಾಂವ ಸೀಮೆಯೆಂದು ಕರೆದಿರುವ ಪ್ರದೇಶಕ್ಕೆ, ಅರಮನೆಯ ಮೂಲಕವಾಗಲಿ ಮಠಮಂದಿರಗಳ ಮೂಲಕವಾಗಲಿ ಬರದೆ, ಮುಂಬಯಿ ಪ್ರಾಂತದ ಡ್ರಾಯಿಂಗ್ ಪರೀಕ್ಷೆಯ ಮೂಲಕ ಬಂದಿತು. ಅದಕ್ಕೆ ಮೊದಲು ವಸ್ತುಗಳ ಚಿತ್ರಣ ಇಲ್ಲಿ ಹೇರಳವಾಗಿಯೇ ಇತ್ತಾದರೂ, ಅಲ್ಲಿ ವಸ್ತುವು ಯಾವುದೋ ವ್ಯಕ್ತಿಯ, ದೇವತೆಯ ಅಥವಾ ಕಟ್ಟಳೆಯ ಗುರುತಾಗಿ ನಿಂತಿತ್ತು. ಗುರುತಾಗಿದ್ದ ವಸ್ತುವು ನೋಟದ ವಸ್ತುವಾದ ಬಗೆಯೇ ಈ ಸೀಮೆಯ ಸ್ಥಿರಚಿತ್ರದ ಇತಿಹಾಸ.

ಕಲ್ಲಿನ ಮೇಲಿನ ವಸ್ತುಗಳು

ಈ ಭಾಗದಲ್ಲಿ ವಸ್ತುಚಿತ್ರಣದ ಹಳೆಯ ಸಾಕ್ಷ್ಯಗಳು ದೊರೆಯುವುದು ಶಾಸನಗಳ ಕಲ್ಲಿನಲ್ಲಿ. ಸುಗಂಧವರ್ತಿ ಎಂದು ಹಿಂದೆ ಕರೆಯಲಾಗುತ್ತಿದ್ದ ಸವದತ್ತಿಯು ರಟ್ಟ ಮನೆತನದ ರಾಜಧಾನಿಯಾಗಿತ್ತು; ಮೊದಲು ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದ ಈ ಅರಸರ ಕಾಲದ ಶಾಸನಗಳು ಸವದತ್ತಿ, ಸೊಗಲ, ಹೂಲಿ, ನೇಸರಗಿ ಮುಂತಾದ ಊರುಗಳಲ್ಲಿ ದೊರೆತಿವೆ, ಸವದತ್ತಿಯ ಶಾಸನಗಳನ್ನು ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓದಿ ಪ್ರಕಟಿಸಿದ್ದಾನೆ. ದಾನಶಾಸನಗಳ ಮೇಲ್ತುದಿಯಲ್ಲಿ ಅಕ್ಷರಗಳು ಆರಂಭವಾಗುವುದಕ್ಕೆ ಮೊದಲು ಒಂದು ಚಿತ್ರಪಟ್ಟಿಕೆ ಇರುವುದು ರೂಢಿ. ಅದರಲ್ಲಿ ಲಿಂಗ ಅಥವಾ ಜಿನಬಿಂಬ, ಕರುವಿಗೆ ಹಾಲೂಡುವ ಹಸು, ಸೂರ್ಯ, ಚಂದ್ರ ಮತ್ತು ಕೆಲವೆಡೆ ಖಡ್ಗ ಕಾಣಿಸುತ್ತವೆ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಬೇಕೆಂಬುದನ್ನು ಮೇಲಿನ ಬಿಂಬಗಳೂ, ದಾನದ ಪಾವಿತ್ರ್ಯವನ್ನು ಹಸುವೂ, ಅದನ್ನು ಕಾಯುವ ಅಧಿಕಾರವನ್ನು ಖಡ್ಗವೂ ಓದು ಬಾರದವರಿಗೂ ತಿಳಿಯುವಂತೆ ಹೇಳುತ್ತವೆ. ಅಂದರೆ ಇಲ್ಲಿನ ಖಡ್ಗವು ಯಾವುದೋ ಒಂದು ನಿರ್ದಿಷ್ಟ ಖಡ್ಗದ ಪ್ರತಿರೂಪವಲ್ಲ. ಅದರ ಹಿಡಿಯ ಸವೆತವನ್ನಾಗಲಿ ಅಲಗಿನ ಹೊಳಪನ್ನಾಗಲಿ ತೋರಿಸುವ ಅಗತ್ಯ ಶಿಲ್ಪಿಗೆ ಇರಲಿಲ್ಲ.

ಮಾಸ್ತಿಕಲ್ಲುಗಳಲ್ಲಿ, ಎಂದರೆ ಗಂಡನೊಡನೆ ಸಹಗಮನ ಮಾಡಿದ ಹೆಣ್ಣಿನ ಸ್ಮಾರಕಶಿಲೆಗಳಲ್ಲಿ, ಇದೇ ಕ್ರಮ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಬವೊಂದರಿಂದ ಹೊರಟು ಮೇಲಕ್ಕೆ ಮಡಿಚಿದ ತೋಳು, ಅದರ ತುಂಬ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು, ಕೆಲವು ಕಡೆ ಕನ್ನಡಿ, ಇಷ್ಟೇ ವಸ್ತುಗಳು ಒಂದು ಬದುಕಿನ ಕೊನೆಯನ್ನೂ ಅದಕ್ಕೆ ಸಮಾಜ ಕೊಟ್ಟ ಅರ್ಥವನ್ನೂ ಹೇಳಿ ಮುಗಿಸುತ್ತವೆ. ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲಿನದರಲ್ಲಿ ದೇವಸನ್ನಿಧಿ ಬರುವುದು ಸಾಮಾನ್ಯ. ಬಿಲ್ಲು, ಗುರಾಣಿ, ಕೊಡೆ, ಚಾಮರಗಳು ಅಲ್ಲಿ ಆ ವ್ಯಕ್ತಿಯ ಅಂತಸ್ತನ್ನು ಸೂಚಿಸುತ್ತವೆ. ಯಲ್ಲಮ್ಮನ ಗುಡ್ಡದ ಪರಂಪರೆಯಲ್ಲಿಯೂ ವಸ್ತುವಿನ ಸ್ಥಾನ ಇಂಥದೇ ಆಗಿದೆ: ಯಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯು ಪ್ರತಿದಿನ ಮಳಲಿನಿಂದ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ, ನೀರು ತರುತ್ತಿದ್ದಳೆಂಬ ಕಥೆಯಿಂದಾಗಿ ಕೊಡವು ಅವಳ ಪಾತಿವ್ರತ್ಯದ ಗುರುತಾಯಿತು, ಭಕ್ತರು ಹೊರುವ ಬಿದಿರಿನ ಪಡಲಗಿ ಅವಳ ಸೇವೆಯ ಗುರುತಾಯಿತು, ಜೋಗತಿಯರ ಚೌಡಕಿ ಎಂಬ ತಂತಿವಾದ್ಯ ಅವಳ ಹಾಡಿನ ಗುರುತಾಯಿತು. ಮಣ್ಣಿನ ಕೊಡ ಪ್ರತಿ ಮನೆಯಲ್ಲಿಯೂ ಇದ್ದರೂ ಚಿತ್ರದೊಳಗೆ ಪ್ರವೇಶ ಪಡೆಯಬೇಕಾದರೆ ಅದಕ್ಕೆ ಒಂದು ಕಥೆಯ ಆಸರೆ ಬೇಕಾಗಿತ್ತು.

ನೆನಪಿನಿಂದ ಮೂಡಿದ ವಸ್ತುಗಳು

ಮನೆಯೊಳಗಿನ ಕಲೆಗಳಲ್ಲಿ ನಿತ್ಯವಸ್ತುಗಳಿಗೆ ದೊರೆತ ಸ್ಥಾನ ಇದಕ್ಕಿಂತ ವಿಶಾಲವಾದದ್ದು. ಧಾರವಾಡ ಮತ್ತು ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು ಸೀರೆ ಮತ್ತು ಕುಪ್ಪಸಗಳ ಮೇಲೆ ಹಾಕುತ್ತ ಬಂದ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ತುಳಸಿ ವೃಂದಾವನ, ತೊಟ್ಟಿಲು, ದೀಪ, ಅಂಬಾರಿ ಹೊತ್ತ ಆನೆ, ನವಿಲು ಮುಂತಾದ ಆಕೃತಿಗಳು ಬರುತ್ತವೆ. ಕಸೂತಿಗೆ ಮೊದಲೇ ಗೀಚಿದ ನಕಾಶೆ ಇರುವುದಿಲ್ಲ. ಬಟ್ಟೆಯ ಹಾಸು ಮತ್ತು ಹೊಕ್ಕು ಎಳೆಗಳನ್ನು ಎಣಿಸುತ್ತ ಸೂಜಿ ಹೋಗಬೇಕಾಗುತ್ತದೆ. ಎರಡೂ ಬದಿಗೆ ಒಂದೇ ರೂಪ ಕಾಣುವ ಗವಂತಿ, ಮೆಟ್ಟಿಲಿನಂತೆ ಏರುವ ಮುರ್ಗಿ, ನೇಯ್ದಂತೆ ತೋರುವ ನೇಯ್ಗೆ, ಅಡ್ಡಹೊಲಿಗೆಯ ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು ಗೆರೆಯ ಚಲನೆಯನ್ನು ಎಳೆಗಳ ಲೆಕ್ಕಕ್ಕೆ ಕಟ್ಟಿಹಾಕುವುದರಿಂದ ತೊಟ್ಟಿಲಿನ ಬಾಗು ಕೂಡ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತದೆ. ಈ ತೊಟ್ಟಿಲನ್ನು ಯಾರೂ ಎದುರಿಗಿಟ್ಟುಕೊಂಡು ನೋಡಿ ಹಾಕಲಿಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಎಣಿಕೆಯ ರೂಪದಲ್ಲಿ ಅದು ದಾಟಿ ಬಂದಿತು. ನೆನಪಿನಲ್ಲಿ ನಿಲ್ಲಬೇಕಾದ ವಸ್ತು ತನ್ನ ಆಕಸ್ಮಿಕ ವಿವರಗಳನ್ನೆಲ್ಲ ಕಳಚಿಕೊಂಡು ತನ್ನ ಜಾತಿಯ ಲಕ್ಷಣವನ್ನಷ್ಟೇ ಉಳಿಸಿಕೊಳ್ಳುತ್ತದೆಂಬುದಕ್ಕೆ ಕಸೂತಿಯು ಒಳ್ಳೆಯ ನಿದರ್ಶನ.

ಮಣ್ಣಿನ ಕೆಲಸದಲ್ಲಿ ನೋಟದ ಪಾಲು ಸ್ವಲ್ಪ ಹೆಚ್ಚು. ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಎತ್ತುಗಳನ್ನೂ ಅವುಗಳ ಮುಂದಿಡುವ ಗೋದಲಿಯನ್ನೂ ಮಾಡುವ ರೂಢಿಯಿದೆ. ಕೊಂಬಿನ ಬಾಗು, ಹಿಣಿಲಿನ ಎತ್ತರ, ಕೊರಳಿನ ಗೆಜ್ಜೆಗಳನ್ನು ಒಕ್ಕಲುತನದ ಮನೆಯ ಮಕ್ಕಳು ಬಲ್ಲವರಾದ್ದರಿಂದ ಆ ಎತ್ತುಗಳಲ್ಲಿ ತಳಿಯ ಗುರುತು ಕೂಡ ಮೂಡುವುದುಂಟು. ಇದೇ ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ಜೀನಗಾರ ಕುಶಲಕರ್ಮಿಗಳು ಹಗುರವಾದ ಕಟ್ಟಿಗೆ ಮತ್ತು ಸ್ಥಳೀಯ ಮಣ್ಣನ್ನು ಬಳಸಿ ಬಣ್ಣ ಹಾಕಿ ತಯಾರಿಸುತ್ತಿದ್ದ ಆಟಿಕೆಗಳಲ್ಲಿ ಹಣ್ಣು ಮತ್ತು ಕಾಯಿಪಲ್ಲೆಗಳ ಮಾದರಿಗಳು ಹೆಸರುವಾಸಿಯಾಗಿದ್ದವು. ಅಸಲನ್ನು ಹೋಲುವುದೇ ಆ ಹಣ್ಣಿನ ಗುಣವಾಗಿತ್ತು. ಅದರಲ್ಲಿ ಕಥೆಯಿರಲಿಲ್ಲ, ಪೂಜೆಯಿರಲಿಲ್ಲ, ನೋಡಿದವನ ಕಣ್ಣು ಕ್ಷಣಕಾಲ ಮೋಸಹೋಗುವುದರ ಸಂತೋಷವಿತ್ತು. ಚಿತ್ರಪಟದ ಮೇಲೆ ಸ್ಥಿರಚಿತ್ರ ಕಾಣಿಸಿಕೊಳ್ಳುವುದಕ್ಕೂ ಮೊದಲು ಈ ಜಿಲ್ಲೆಯಲ್ಲಿ ಅದರ ಹತ್ತಿರದ ನೆಂಟನೊಬ್ಬನಿದ್ದರೆ ಅದು ಗೋಕಾಕದ ಈ ಕಟ್ಟಿಗೆಯ ಹಣ್ಣು.

ಸಾದೃಶ್ಯದ ಶಾಸ್ತ್ರ

ಹಾಗೆಂದು ಕಂಡದ್ದನ್ನು ಕಂಡಂತೆ ಬರೆಯುವ ಕಲ್ಪನೆಯೇ ಈ ನಾಡಿಗೆ ಅಪರಿಚಿತವಾಗಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. ಸವದತ್ತಿಯ ರಟ್ಟರ ಅಧಿರಾಜನಾಗಿದ್ದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನ ವಿನೋದಗಳನ್ನು ವಿವರಿಸುವಾಗ ಚಿತ್ರಕಲೆಗೂ ವಿಸ್ತಾರವಾದ ಸ್ಥಳ ಕೊಡುತ್ತದೆ. ಗೋಡೆಯನ್ನು ಹದಗೊಳಿಸುವುದು, ವಜ್ರಲೇಪವೆಂಬ ಅಂಟನ್ನು ತಯಾರಿಸುವುದು, ಕುಂಚಗಳನ್ನು ಕಟ್ಟುವುದು, ಬಣ್ಣಗಳನ್ನು ಬೆರೆಸುವುದು ಇವೆಲ್ಲವೂ ಅಲ್ಲಿವೆ. ಆ ಗ್ರಂಥ ಹೇಳುವ ಚಿತ್ರಪ್ರಕಾರಗಳಲ್ಲಿ ಕನ್ನಡಿಯೊಳಗಿನ ಬಿಂಬದಂತೆ ಮೂಲವನ್ನು ಹೋಲುವುದು ವಿದ್ಧ, ಮನಸ್ಸಿಗೆ ತೋರಿದ ಆಕಾರವನ್ನು ಅನುಸರಿಸುವುದು ಅವಿದ್ಧ, ಶೃಂಗಾರಾದಿಗಳನ್ನು ನೋಡಿದೊಡನೆ ಉಂಟುಮಾಡುವುದು ಭಾವಚಿತ್ರ, ದ್ರವರೂಪದ ಬಣ್ಣದಿಂದ ಬರೆಯುವುದು ರಸಚಿತ್ರ, ಬಣ್ಣದ ಪುಡಿಯಿಂದ ಹಾಕುವುದು ಧೂಳಿಚಿತ್ರ. ಇಂದಿನ ರಂಗೋಲಿಯು ಕೊನೆಯ ವರ್ಗಕ್ಕೆ ಸೇರುತ್ತದೆ, ವಾಸ್ತವ ಶೈಲಿಯೆಂದು ಈಗ ಕರೆಯುವುದು ಮೊದಲಿನದಕ್ಕೆ ಸಮೀಪವಾಗುತ್ತದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವೂ ವರ್ತನೆ ಎಂಬ ಹೆಸರಿನಲ್ಲಿ ಛಾಯೆ ತುಂಬುವ ಮೂರು ಕ್ರಮಗಳನ್ನು ಹೇಳುತ್ತದೆ. ಆದರೆ ಆ ಛಾಯೆಯು ಮೈಯ ಉಬ್ಬುತಗ್ಗುಗಳನ್ನು ತೋರಿಸುವುದಕ್ಕೆ ಮೀಸಲಾಗಿತ್ತು. ಒಂದು ಕಡೆಯಿಂದ ಬಿದ್ದ ಬೆಳಕು ಇನ್ನೊಂದು ಕಡೆ ನೆಲದ ಮೇಲೆ ಚೆಲ್ಲುವ ನೆರಳಿಗೆ ಪರಂಪರೆಯ ಗೋಡೆಚಿತ್ರಗಳಲ್ಲಿ ಸ್ಥಾನವಿರಲಿಲ್ಲ.

ವಸ್ತುವೊಂದೇ ಚಿತ್ರದ ವಿಷಯವಾಗಿ ನಿಲ್ಲುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಆದಿಲ್‌ಶಾಹಿ ಕಾಲದಲ್ಲಿ ಕಾಣಿಸುತ್ತದೆ. 1646ರ ಸುಮಾರಿಗೆ ವಿಜಯಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಲಾದ ಅಸಾರ್ ಮಹಲಿನ ಗೋಡೆಗಳ ಮೇಲೆ ಹೂವಿನ ಕುಂಡಗಳನ್ನೂ ಬಳ್ಳಿಗಳನ್ನೂ ಬಣ್ಣದಲ್ಲಿ ಬರೆಯಲಾಗಿದೆ. ಸಂಪಗಾಂವ ಸೀಮೆಯು ಆಗ ಅದೇ ರಾಜ್ಯದ ಭಾಗವಾಗಿತ್ತು. ಆ ಕುಂಡಗಳು ಅಲಂಕಾರದ ಸಮತೋಲಕ್ಕೆ ಒಳಪಟ್ಟಿವೆ, ಎಡದ ಕೊಂಬೆಗೆ ಬಲದ ಕೊಂಬೆ ಸರಿದೂಗುತ್ತದೆ. ಆದರೂ ಮನುಷ್ಯಾಕೃತಿಯ ಆಸರೆಯಿಲ್ಲದೆ ಒಂದು ಪಾತ್ರೆ ಮತ್ತು ಅದರೊಳಗಿನ ಹೂಗಳು ಗೋಡೆಯನ್ನು ತುಂಬಬಲ್ಲವೆಂಬುದನ್ನು ಅವು ತೋರಿಸಿಕೊಟ್ಟವು. ಅದೇ ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನಲ್ಲಿ ಪೀಟರ್ ಕ್ಲಾಸ್ ಮತ್ತು ವಿಲ್ಲೆಮ್ ಕಾಲ್ಫ್‌ರಂಥ ಕಲಾವಿದರು ರೊಟ್ಟಿ, ನಿಂಬೆಹಣ್ಣು, ಗಾಜಿನ ಲೋಟ ಮತ್ತು ಬೆಳ್ಳಿಯ ತಟ್ಟೆಗಳನ್ನು ತೈಲವರ್ಣದಲ್ಲಿ ಬರೆದು ವರ್ತಕರ ಮನೆಗಳಿಗೆ ಮಾರುತ್ತಿದ್ದರು. ಫ್ರಾನ್ಸಿನ ಕಲಾ ಅಕಾಡೆಮಿಯಾದರೋ ಈ ಪ್ರಕಾರವನ್ನು ಕೀಳೆಂದು ಎಣಿಸಿತು. 1667ರಲ್ಲಿ ಆಂದ್ರೆ ಫೆಲಿಬಿಯೆನ್ ಮಾಡಿದ ತಾರತಮ್ಯದಲ್ಲಿ ಇತಿಹಾಸ ಮತ್ತು ಪುರಾಣಗಳ ಚಿತ್ರ ಎಲ್ಲಕ್ಕಿಂತ ಮೇಲೆಯೂ ಜೀವವಿಲ್ಲದ ವಸ್ತುಗಳ ಚಿತ್ರ ಎಲ್ಲಕ್ಕಿಂತ ಕೆಳಗೂ ಇದ್ದವು. ಈ ತಾರತಮ್ಯ ಮುಂದೆ ಮುಂಬಯಿಯ ಕಲಾಶಾಲೆಯ ದಾರಿಯಾಗಿ ಕನ್ನಡ ನಾಡಿಗೂ ಬಂದುದರಿಂದ ಅದನ್ನು ನೆನಪಿಡಬೇಕಾಗುತ್ತದೆ.

ವರದಿ, ಅಳತೆ ಮತ್ತು ಪರೀಕ್ಷೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು, 1824ರ ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಬಿದ್ದು, 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದ ಮೇಲೆ, ಈ ಸೀಮೆಯ ವಸ್ತುಪ್ರಪಂಚವು ಹೊಸಬಗೆಯ ಕಣ್ಣಿಗೆ ಬಿತ್ತು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯು ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯ ಮೊದಲ ವರದಿಯಾಗಿ ಹೊರಬಂದಿತು. ಗುಡಿಗಳನ್ನು ಅಡಿ ಅಂಗುಲಗಳಲ್ಲಿ ಅಳೆದು, ತಳವಿನ್ಯಾಸ ಬರೆದು, ಛಾಯಾಚಿತ್ರ ತೆಗೆದು ದಾಖಲಿಸುವ ಕ್ರಮ ಅದರೊಡನೆ ಇಲ್ಲಿಗೆ ಬಂದಿತು. ಹತ್ತು ವರ್ಷಗಳ ಅನಂತರ, 1884ರಲ್ಲಿ, ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ 21ನೆಯ ಸಂಪುಟವು ಬೆಳಗಾವಿ ಜಿಲ್ಲೆಗೆ ಮೀಸಲಾಗಿ ಪ್ರಕಟವಾಯಿತು. ಒಂದೊಂದು ಸಮುದಾಯವನ್ನು ಕುರಿತು ಬರೆಯುವಾಗಲೂ ಮನೆ ಯಾವ ಬಗೆಯದು, ಒಳಗೆ ಲೋಹದ ಪಾತ್ರೆಗಳಿವೆಯೇ ಮಣ್ಣಿನವೇ, ಊಟ ಏನು, ಉಡುಗೆ ಯಾವುದು ಎಂಬುದನ್ನು ಅದು ಪಟ್ಟಿಮಾಡುತ್ತದೆ. ಆಡಳಿತದ ಅನುಕೂಲಕ್ಕಾಗಿ ಸಿದ್ಧವಾದ ಈ ಪಟ್ಟಿಗಳಲ್ಲಿ ಕೊಡಕ್ಕೆ ದೇವತೆಯ ನಂಟಿಲ್ಲ, ಖಡ್ಗಕ್ಕೆ ದಾನದ ನಂಟಿಲ್ಲ. ವಸ್ತುವು ಕೇವಲ ವಸ್ತುವಾಗಿ ಬರವಣಿಗೆಯೊಳಗೆ ಬಂದದ್ದು ಹೀಗೆ.

ಚಿತ್ರದೊಳಗೆ ಅದು ಬಂದ ದಾರಿ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ. ಜಮಶೇಟಜಿ ಜೀಜೀಭಾಯಿ ಅವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದೇಣಿಗೆಯಿಂದ 1857ರಲ್ಲಿ ಆರಂಭವಾದ ಈ ಶಾಲೆಯ ಪಾಠಕ್ರಮವನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯ ಮಾದರಿಯಲ್ಲಿ ರೂಪಿಸಲಾಗಿತ್ತು. 1851ರ ಲಂಡನ್ ಮಹಾಪ್ರದರ್ಶನದ ಬಳಿಕ, ಯಂತ್ರದಿಂದ ತಯಾರಾಗುವ ಸರಕುಗಳ ವಿನ್ಯಾಸವನ್ನು ಸುಧಾರಿಸುವ ಉದ್ದೇಶದಿಂದ ಹೆನ್ರಿ ಕೋಲ್ ಮತ್ತು ಅವನ ಸಂಗಡಿಗರು ಆ ಪದ್ಧತಿಯನ್ನು ಕಟ್ಟಿದ್ದರು. ನೇರಗೆರೆಯಿಂದ ಬಾಗುಗೆರೆಗೆ, ಬಾಗುಗೆರೆಯಿಂದ ಘನಾಕೃತಿಗಳಿಗೆ, ಘನಾಕೃತಿಗಳಿಂದ ನಿತ್ಯವಸ್ತುಗಳಿಗೆ, ಅಲ್ಲಿಂದ ಪ್ರತಿಮೆ ಮತ್ತು ಮನುಷ್ಯದೇಹಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಅದರ ಕ್ರಮವಾಗಿತ್ತು. ಹೀಗಾಗಿ ವಸ್ತುಚಿತ್ರಣವು ಕಲೆಯ ಒಂದು ಪ್ರಕಾರವಾಗಿ ಬರುವುದಕ್ಕೆ ಮೊದಲು ಕೈ ಮತ್ತು ಕಣ್ಣುಗಳಿಗೆ ಶಿಸ್ತು ಕಲಿಸುವ ಒಂದು ಮೆಟ್ಟಿಲಾಗಿ ಬಂದಿತು. ಓವರಸಿಯರ್, ಸರ್ವೇಯರ್, ಬಡಿಗ, ಕಮ್ಮಾರ, ಅಚ್ಚುಕಟ್ಟಿನ ಕುಶಲಕರ್ಮಿ ಇವರೆಲ್ಲರಿಗೂ ಅದು ಬೇಕಾದ ವಿದ್ಯೆಯೆಂದು ಸರಕಾರ ಭಾವಿಸಿತ್ತು.

ಕಲಾಶಾಲೆಗೆ ಹೋಗದ ಮಕ್ಕಳಿಗೂ ಈ ವಿದ್ಯೆ ತಲುಪಿದ್ದು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಂದ. ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಎರಡು ಹಂತಗಳ ಈ ಪರೀಕ್ಷೆಗಳು ಮುಂಬಯಿ ಪ್ರಾಂತದ ಹೈಸ್ಕೂಲುಗಳಲ್ಲಿ ನೆಲೆಯೂರಿದವು. ಇವುಗಳಲ್ಲಿ ತೇರ್ಗಡೆಯಾದವರು ಡ್ರಾಯಿಂಗ್ ಶಿಕ್ಷಕರ ತರಬೇತಿಗೆ ಹೋಗಬಹುದಾಗಿತ್ತು, ತರಬೇತಿ ಪಡೆದು ಬಂದವರು ಮತ್ತೆ ಹೈಸ್ಕೂಲುಗಳಲ್ಲಿ ಮುಂದಿನ ತಲೆಮಾರನ್ನು ಪರೀಕ್ಷೆಗೆ ಸಿದ್ಧಗೊಳಿಸುತ್ತಿದ್ದರು. ಬೆಳಗಾವಿ ಜಿಲ್ಲೆಯಲ್ಲಿ ಕನ್ನಡ ಶಿಕ್ಷಣ ಬೇರುಬಿಟ್ಟ ಕಥೆಯೊಡನೆಯೇ ಇದನ್ನು ನೋಡಬೇಕು: ಡೆಪ್ಯುಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದರು, ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆ ಮೀಸಲಿಟ್ಟರು, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಹುಟ್ಟಿತು. ಹೈಸ್ಕೂಲು ಇದ್ದಲ್ಲಿ ಡ್ರಾಯಿಂಗ್ ಮಾಸ್ತರರೂ ಇರುತ್ತಿದ್ದುದರಿಂದ, ಶಾಲೆಗಳು ಹೆಚ್ಚಿದಂತೆಲ್ಲ ವಸ್ತುಚಿತ್ರಣವೂ ಹಳ್ಳಿಯ ಕಡೆಗೆ ಸರಿಯಿತು.

ಶಾಲೆಯ ಮೇಜಿನ ಮೇಲೆ

ಪರೀಕ್ಷೆಯ ಕೋಣೆಯಲ್ಲಿ ಮೇಜಿನ ಮೇಲೋ ಸ್ಟೂಲಿನ ಮೇಲೋ ಎರಡು ಮೂರು ವಸ್ತುಗಳನ್ನು ಜೋಡಿಸಿ, ವಿದ್ಯಾರ್ಥಿಗಳನ್ನು ಅದರ ಸುತ್ತ ಅರ್ಧವೃತ್ತವಾಗಿ ಕೂರಿಸುವುದು ವಸ್ತುಚಿತ್ರಣದ ವ್ಯವಸ್ಥೆ. ವಸ್ತುಗಳ ಆಯ್ಕೆಗೆ ಹಣ ಖರ್ಚಾಗಬೇಕಿರಲಿಲ್ಲ: ಹಿತ್ತಾಳೆಯ ತಂಬಿಗೆ, ತಾಮ್ರದ ಕೊಡ, ಮಣ್ಣಿನ ಹರವಿ, ಬೋಗುಣಿ, ಕಂದೀಲು, ಬಾಲ್ದಿ, ದಪ್ಪ ಪುಸ್ತಕ, ಬದನೆಕಾಯಿ, ಉಳ್ಳಾಗಡ್ಡಿ, ಬಾಳೆಹಣ್ಣು, ಹಿಂದೆ ಇಳಿಬಿಟ್ಟ ಒಂದು ಬಟ್ಟೆ. ಹೀಗೆ ಬ್ರಿಟಿಷ್ ಕಾರ್ಖಾನೆಯ ಅಗತ್ಯದಿಂದ ಹುಟ್ಟಿದ ಪಾಠವು ಇಲ್ಲಿ ಅಡುಗೆಮನೆಯ ಸಾಮಾನಿನಿಂದ ನಡೆಯಿತು.

ಕೆಲಸದ ಕ್ರಮವೂ ಗೊತ್ತುಪಡಿಸಿದ್ದೇ ಆಗಿತ್ತು. ವಿದ್ಯಾರ್ಥಿಯು ಒಂದು ಕಣ್ಣು ಮುಚ್ಚಿ, ತೋಳನ್ನು ನೇರವಾಗಿ ಚಾಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗಿನ ಅಳತೆಯಲ್ಲಿ ವಸ್ತುವಿನ ಎತ್ತರಕ್ಕೂ ಅಗಲಕ್ಕೂ ಇರುವ ಪ್ರಮಾಣವನ್ನು ಹಿಡಿಯುತ್ತಾನೆ; ಕಾಗದದ ಮೇಲೆ ಮೊದಲು ನಡುಗೆರೆಯನ್ನೆಳೆದು, ಅದರ ಎರಡು ಬದಿಗೂ ಸಮನಾಗಿ ತಂಬಿಗೆಯ ಹೊಟ್ಟೆ, ಕುತ್ತಿಗೆ ಮತ್ತು ಕಂಠಗಳನ್ನು ಗುರುತಿಸುತ್ತಾನೆ. ದುಂಡಾದ ಬಾಯಿಯು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದಾಗ ಚಪ್ಪಟೆಯಾದ ಅಂಡಾಕೃತಿಯಾಗಿ ಕಾಣುತ್ತದೆ, ಕಣ್ಣಿನ ಮಟ್ಟದಿಂದ ಇನ್ನೂ ಕೆಳಗೆ ಹೋದಂತೆ ಆ ಅಂಡಾಕೃತಿಯು ಅಗಲವಾಗುತ್ತದೆ, ಆದ್ದರಿಂದ ಒಂದೇ ತಂಬಿಗೆಯ ಬಾಯಿಗಿಂತ ತಳದ ಬಾಗು ಹೆಚ್ಚು ದುಂಡಗಿರಬೇಕು ಎಂಬ ಪರಿದೃಶ್ಯದ ನಿಯಮವನ್ನು, ಅಂದರೆ ದೂರ ಮತ್ತು ಎತ್ತರಗಳಿಗೆ ತಕ್ಕಂತೆ ಆಕಾರ ಬದಲಾಗುವ ನಿಯಮವನ್ನು, ಮಕ್ಕಳು ಕಲಿಯುತ್ತಿದ್ದುದು ಈ ಹಂತದಲ್ಲಿ. ಅನಂತರ ಬೆಳಕು ಬರುವ ದಿಕ್ಕನ್ನು ನೋಡಿಕೊಂಡು ಅತಿ ಹೊಳೆಯುವ ಚುಕ್ಕೆ, ಬೆಳಕಿನ ಭಾಗ, ನಡುಛಾಯೆ, ಗಾಢಛಾಯೆ, ಗಾಢಛಾಯೆಯ ಅಂಚಿನಲ್ಲಿ ನೆಲದಿಂದ ಪುಟಿದ ಮಂದ ಬೆಳಕು ಮತ್ತು ಮೇಜಿನ ಮೇಲೆ ಬಿದ್ದ ನೆರಳು ಇವುಗಳನ್ನು ಗಟ್ಟಿ ಮತ್ತು ಮೆತ್ತನೆಯ ಸೀಸದ ಪೆನ್ಸಿಲುಗಳಿಂದ ತುಂಬಬೇಕಾಗುತ್ತದೆ. ಮುಂದಿನ ಹಂತದಲ್ಲಿ ಪೆನ್ಸಿಲಿನ ಜಾಗಕ್ಕೆ ಜಲವರ್ಣ ಬರುತ್ತದೆ. ಆಗ ಹಿತ್ತಾಳೆಯ ಹಳದಿಯಲ್ಲಿ ಪಕ್ಕದ ಬದನೆಕಾಯಿಯ ನೇರಳೆ ಪ್ರತಿಫಲಿಸುವುದನ್ನೂ ಗಮನಿಸಬೇಕಾಗುತ್ತದೆ.

ಈ ಅಭ್ಯಾಸವು ನೋಟದಲ್ಲಿ ತಂದ ಬದಲಾವಣೆ ಸಣ್ಣದಲ್ಲ. ಕಸೂತಿಯ ತೊಟ್ಟಿಲು ಎಲ್ಲರ ತೊಟ್ಟಿಲು. ಪರೀಕ್ಷೆಯ ತಂಬಿಗೆಯಾದರೋ ಈ ಕುರ್ಚಿಯಿಂದ, ಈ ಬೆಳಕಿನಲ್ಲಿ, ಈ ಹೊತ್ತಿನಲ್ಲಿ ಕಾಣುವ ಒಂದೇ ತಂಬಿಗೆ, ಪಕ್ಕದಲ್ಲಿ ಕುಳಿತವನಿಗೆ ಅದೇ ತಂಬಿಗೆ ಬೇರೆಯಾಗಿ ಕಾಣುತ್ತದೆ ಮತ್ತು ಇಬ್ಬರ ಚಿತ್ರಗಳೂ ಸರಿಯಾಗಿರಬಲ್ಲವು. ತಂಬಿಗೆಯ ಬಾಯಿ ದುಂಡಗಿದೆಯೆಂದು ಕೈಗೆ ಗೊತ್ತಿದ್ದರೂ ಕಣ್ಣಿಗೆ ಕಂಡ ಚಪ್ಪಟೆ ರೂಪವನ್ನೇ ಬರೆಯಬೇಕೆಂಬ ಬೇಡಿಕೆಯು ತಿಳಿದದ್ದನ್ನೂ ಕಂಡದ್ದನ್ನೂ ಬೇರ್ಪಡಿಸುವ ಬೇಡಿಕೆಯೇ ಆಗಿತ್ತು. ನೆರಳಿನ ವಿಷಯವೂ ಹಾಗೆಯೇ. ಗುರುತಿಗೆ ನೆರಳು ಬೇಕಿಲ್ಲ, ಏಕೆಂದರೆ ಗುರುತು ಯಾವ ಹೊತ್ತಿಗೂ ಸೇರಿದ್ದಲ್ಲ. ನೆರಳು ಬಿದ್ದ ಕೂಡಲೇ ವಸ್ತುವಿಗೆ ಒಂದು ಸ್ಥಳ ಮತ್ತು ಒಂದು ಸಮಯ ಬರುತ್ತದೆ. ಆದಕಾರಣ ಈ ಸೀಮೆಯಲ್ಲಿ ಸ್ಥಿರಚಿತ್ರದ ಆರಂಭವನ್ನು ಗುರುತಿ­ಸುವುದಕ್ಕೆ ಬಿದ್ದ ನೆರಳಿಗಿಂತ ಒಳ್ಳೆಯ ಲಕ್ಷಣ ಇನ್ನೊಂದಿಲ್ಲ.

ಇದರ ಕೊರತೆಗಳೂ ಅಷ್ಟೇ ನಿಜ. ಅಂಕಗಳು ಪ್ರಮಾಣಕ್ಕೆ, ಗೆರೆಯ ನಯಕ್ಕೆ ಮತ್ತು ಛಾಯೆಯ ಶುಚಿಗೆ ಸಿಗುತ್ತಿದ್ದುದರಿಂದ ವಿದ್ಯಾರ್ಥಿಗಳು ಎದುರಿನ ವಸ್ತುವನ್ನು ನೋಡುವುದನ್ನು ಬಿಟ್ಟು ತಂಬಿಗೆಯ ಚಿತ್ರವನ್ನೇ ಬಾಯಿಪಾಠ ಮಾಡುವ ಸಾಧ್ಯತೆ ಪಾಠಕ್ರಮದೊಳಗೇ ಇತ್ತು; ಆಗ ಅದು ಮತ್ತೊಂದು ಬಗೆಯ ಗುರುತಾಗಿಬಿಡುತ್ತಿತ್ತು. ಜೊತೆಗೆ, ಶಾಲೆಯು ಮನೆಯಿಂದ ತಂಬಿಗೆಯನ್ನು ತರಿಸಿತೇ ಹೊರತು ಮನೆಯಲ್ಲಿದ್ದ ಕಸೂತಿಯನ್ನಾಗಲಿ ಕುಂಬಾರನ ಕೈಚಳಕವನ್ನಾಗಲಿ ಪಾಠವೆಂದು ಎಣಿಸಲಿಲ್ಲ. ಹರವಿಯನ್ನು ಚಕ್ರದ ಮೇಲೆ ಎತ್ತಿದವನ ವಿದ್ಯೆಯು ಶಾಲೆಯ ಹೊರಗೆ ಉಳಿದು, ಅದೇ ಹರವಿಯನ್ನು ಕಾಗದದ ಮೇಲೆ ಬರೆದವನಿಗೆ ಸರ್ಟಿಫಿಕೇಟು ಸಿಕ್ಕಿತು.

ಮುಂಬಯಿಯ ದಾರಿ, ಕಲ್ಕತ್ತೆಯ ದಾರಿ

ಪರೀಕ್ಷೆ ಮುಗಿಸಿದವರಲ್ಲಿ ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿದವರು ಮುಂದೆ ಹೋದದ್ದು ಬಹುತೇಕ ಮುಂಬಯಿಯ ಕಡೆಗೆ. ಅಲ್ಲಿ ಜಿ. ಎಸ್. ದಂಡಾವತಿಮಠ ಅವರು ನಡೆಸುತ್ತಿದ್ದ ನೂತನ ಕಲಾಮಂದಿರವು ಕನ್ನಡದ ವಿದ್ಯಾರ್ಥಿಗಳಿಗೆ ನೆಲೆಯಾಗಿತ್ತು, ಕಲಬುರಗಿಯ ಎಸ್. ಎಂ. ಪಂಡಿತರು ಅಲ್ಲಿ ಕಲಿತು ಬಳಿಕ ಜೆ. ಜೆ. ಶಾಲೆಗೆ ಹೋದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ. ವಿ. ಮಿಣಜಿಗಿ, ಗದಗದಲ್ಲಿ ಟಿ. ಪಿ. ಅಕ್ಕಿ ಇವರು ಕಟ್ಟಿದ ಕಲಾಶಾಲೆಗಳೂ, ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರ ಚಿತ್ರಮಂದಿರವೂ ಮುಂಬಯಿಯ ವಾಸ್ತವ ಶೈಲಿಯನ್ನು ಉತ್ತರ ಕರ್ನಾಟಕದ ಊರುಗಳಿಗೆ ತಂದವು. ಬೆಳಗಾವಿಯಲ್ಲಿ 1935ರಲ್ಲಿ ಹುಟ್ಟಿದ ರವಿ ಪರಾಂಜಪೆಯವರು ಕುಲಕರ್ಣಿಯವರ ಶಿಷ್ಯರಾಗಿ ಬೆಳೆದು ಮುಂದೆ ಚಿತ್ರಕಾರರಾಗಿ ಹೆಸರು ಮಾಡಿದರು. ಬೈಲಹೊಂಗಲ ಮತ್ತು ಸವದತ್ತಿಗಳ ವಿದ್ಯಾರ್ಥಿಗೆ ಬೆಳಗಾವಿ ಮತ್ತು ಧಾರವಾಡಗಳೆರಡೂ ಹತ್ತಿರವಾದುದರಿಂದ ಈ ಶೈಲಿಯೇ ಅವನಿಗೆ ಚಿತ್ರಕಲೆಯ ಸಹಜ ಭಾಷೆಯಾಯಿತು.

ಹಳೆಯ ಮೈಸೂರಿನ ಕಥೆ ಇದಕ್ಕಿಂತ ಭಿನ್ನವಾಗಿದೆ. ಅಲ್ಲಿಂದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರಲ್ಲಿ ಕಲಿತರು. ಇ. ಬಿ. ಹ್ಯಾವೆಲನು 1896ರಿಂದ ಕಲ್ಕತ್ತೆಯ ಕಲಾಶಾಲೆಯಲ್ಲಿ ಯುರೋಪಿನ ಅನುಕರಣೆಯನ್ನು ಬಿಡಿಸಿ ಮೊಗಲ್ ಮತ್ತು ಅಜಂತಾ ಮಾದರಿಗಳ ಕಡೆಗೆ ವಿದ್ಯಾರ್ಥಿಗಳನ್ನು ತಿರುಗಿಸಿದ್ದ. ಆ ಪಂಥಕ್ಕೆ ತಂಬಿಗೆಯ ನೆರಳನ್ನು ಬರೆಯುವುದು ಪರಕೀಯ ಶಿಕ್ಷಣದ ಕುರುಹಾಗಿ ತೋರಿತು. ಮುಂಬಯಿಯಲ್ಲಿಯಾದರೋ ಜೆ. ಜೆ. ಶಾಲೆಯ ಮುಖ್ಯಸ್ಥ ಗ್ಲ್ಯಾಡ್‌ಸ್ಟನ್ ಸಾಲೊಮನ್ ಭಾರತೀಯ ಅಲಂಕಾರಚಿತ್ರಗಳಿಗೆ ಪ್ರೋತ್ಸಾಹ ಕೊಟ್ಟರೂ ಎದುರಿಗಿರುವುದನ್ನು ನೋಡಿ ಬರೆಯುವ ಅಭ್ಯಾಸವನ್ನು ಕೈಬಿಡಲಿಲ್ಲ. ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಸಂಪಗಾಂವ ಸೀಮೆಯ ಚಿತ್ರಾಭ್ಯಾಸಕ್ಕೆ ವಾಸ್ತವ ಶೈಲಿಯ ಒಲವು ಬಂದದ್ದು ಯಾರದೇ ಅಭಿರುಚಿಯಿಂದಲ್ಲ, ಪ್ರಾಂತಗಳ ಗಡಿಯಿಂದ. ಏಕೀಕರಣದ ತರುವಾಯ ಕರ್ನಾಟಕದಲ್ಲಿ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಎಂಬ ಹೆಸರಿನ ಡ್ರಾಯಿಂಗ್ ಪರೀಕ್ಷೆಗಳು ನಡೆದುಬಂದವು, ಅವುಗಳಲ್ಲಿಯೂ ವಸ್ತುಚಿತ್ರಣವು ಉಳಿದುಕೊಂಡಿತು.

ಕಲಾಶಾಲೆಗಳೊಳಗೆ ಸ್ಥಿರಚಿತ್ರಕ್ಕೆ ದೊರೆತ ಮರ್ಯಾದೆ ಮಾತ್ರ ಸೀಮಿತವಾದದ್ದು. ಅಕಾಡೆಮಿಯ ಹಳೆಯ ತಾರತಮ್ಯ ಇಲ್ಲಿಯೂ ಕೆಲಸ ಮಾಡಿತು: ಗಿರಾಕಿಗಳು ಕೇಳುತ್ತಿದ್ದುದು ಹಿರಿಯರ ಭಾವಚಿತ್ರಗಳನ್ನು, ದೇವರ ಪಟಗಳನ್ನು, ಐತಿಹಾಸಿಕ ವೀರರ ಚಿತ್ರಗಳನ್ನು, ನಾಟಕದ ಪರದೆಗಳನ್ನು. ತಂಬಿಗೆಯ ಚಿತ್ರವನ್ನು ಕೊಂಡು ಗೋಡೆಗೆ ತೂಗುಹಾಕುವ ಮನೆಗಳು ಇರಲಿಲ್ಲ. ಆದ್ದರಿಂದ ಸ್ಥಿರಚಿತ್ರದಲ್ಲಿ ಪಳಗಿದ ಕೈ ತನ್ನ ವಿದ್ಯೆಯನ್ನು ಇತರ ಚಿತ್ರಗಳ ಒಳಗೆ ಬಳಸಿಕೊಂಡಿತು. ಭಾವಚಿತ್ರದ ಕುರ್ಚಿಯ ಕೆತ್ತನೆ, ಪಕ್ಕದ ಮೇಜಿನ ಮೇಲಿನ ಹೂದಾನಿ, ದೇವಿಯ ಪಾದದ ಬಳಿಯ ಹಣ್ಣುಗಳ ಹರಿವಾಣ, ಇವುಗಳಲ್ಲಿ ಲೋಹದ ಹೊಳಪೂ ಹಣ್ಣಿನ ತೊಗಲೂ ನಿಜವೆನಿಸುವಂತೆ ಮೂಡಿದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಎಸ್. ಎಲ್. ಹಲ್ದಣಕರರ ದೀಪ ಹಿಡಿದ ಮಹಿಳೆಯ ಪ್ರಸಿದ್ಧ ಜಲವರ್ಣ ಚಿತ್ರದಲ್ಲಿ ದೀಪದ ಬೆಳಕು ಬೆರಳುಗಳ ಸಂದಿಯಿಂದ ಹೊರಸೂಸುವ ಬಗೆಯು ಇಂಥ ಅಭ್ಯಾಸದ ಫಲವೆಂಬುದನ್ನು ವಸ್ತುಚಿತ್ರಣ ಕಲಿತ ಯಾರಾದರೂ ಗುರುತಿಸಬಲ್ಲರು.

ಕಾಲ ಕಳೆದಂತೆ ಮೇಜಿನ ಮೇಲಿನ ವಸ್ತುಗಳು ಬದಲಾದವು. ಹಿತ್ತಾಳೆಯ ತಂಬಿಗೆಯ ಜಾಗಕ್ಕೆ ಉಕ್ಕಿನ ಪಾತ್ರೆ, ತಾಮ್ರದ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಕೊಡ, ಕಂದೀಲಿನ ಜಾಗಕ್ಕೆ ವಿದ್ಯುದ್ದೀಪ ಮನೆಗಳಿಗೆ ಬಂದವು. ಬೀಸುವ ಕಲ್ಲು, ಒರಳು, ಒನಕೆಗಳು ಬಳಕೆಯಿಂದ ಸರಿದವು. ಕಿತ್ತೂರಿನ ಕೋಟೆಯೊಳಗಿನ ವಸ್ತುಸಂಗ್ರಹಾಲಯವು ಆಯುಧಗಳನ್ನೂ ಕಟ್ಟಿಗೆಯ ಕೆತ್ತನೆಯ ಬಾಗಿಲುಗಳನ್ನೂ ಶಿಲ್ಪ ಶಾಸನಗಳನ್ನೂ ಕಾಪಾಡಿದೆ, ಅವು ಅರಸೊತ್ತಿಗೆಯ ಮತ್ತು ಧರ್ಮದ ವಸ್ತುಗಳು. ಒಕ್ಕಲಿಗನ ಮತ್ತು ನೇಕಾರನ ಮನೆಯ ಸಾಮಾನು ಯಾವ ರೂಪದಲ್ಲಿತ್ತು, ಅದರ ಮೇಲೆ ಬೆಳಕು ಹೇಗೆ ಬೀಳುತ್ತಿತ್ತು ಎಂಬುದನ್ನು ತೋರಿಸುವ ಶಕ್ತಿ ಇರುವುದು ಡ್ರಾಯಿಂಗ್ ಮಾಸ್ತರರ ಮತ್ತು ಅವರ ವಿದ್ಯಾರ್ಥಿಗಳ ಅಭ್ಯಾಸದ ಹಾಳೆಗಳಿಗೆ. ಶಾಸನದ ಖಡ್ಗದಿಂದ ಖಡ್ಗಗಳ ಚರಿತ್ರೆಯನ್ನು ಬರೆಯುವುದು ಕಷ್ಟ. ಪರೀಕ್ಷೆಗಾಗಿ ನೋಡಿ ಬರೆದ ತಂಬಿಗೆಯಿಂದ ಆ ಊರಿನ ತಂಬಿಗೆಯ ಹೊಟ್ಟೆ ಎಷ್ಟು ಉಬ್ಬಿತ್ತು, ಕಂಠ ಎಷ್ಟು ನೀಳವಾಗಿತ್ತು ಎಂಬುದನ್ನು ಹೇಳಬಹುದು. ಕಲೆಯೆಂದು ಯಾರೂ ಎಣಿಸದ, ಅಂಕ ಕೊಟ್ಟ ಮೇಲೆ ರದ್ದಿಗೆ ಹೋಗುತ್ತಿದ್ದ ಈ ಹಾಳೆಗಳನ್ನು ಶಾಲೆಗಳೂ ಸಂಗ್ರಹಾಲಯಗಳೂ ದಾಖಲೆಗಳೆಂದು ಪರಿಗಣಿಸಿದರೆ, ಶಾಸನಗಳು ಅರಸರ ಬಗ್ಗೆ ಹೇಳುವಷ್ಟನ್ನು ಅವು ಜನರ ಮನೆಗಳ ಬಗ್ಗೆ ಹೇಳಬಲ್ಲವು.